ಹೆಸರು ಬರುವ ಜಾಗ

ನನ್ನ ಸೇವೆಯಲ್ಲಿ ನಾನು ಕಂಡ ಕೊನೆಯ ವಿಧಾನಸಭಾ ಚುನಾವಣೆ ಅದು. ಕೊರೊನಾದ ಎರಡನೇ ಅಲೆ ಇಳಿದು ಎರಡು ವರ್ಷವಾಗುತ್ತ ಬಂದಿತ್ತು. ಬಳ್ಳಾರಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಭಾಷಾಂತರಕಾರ್ತಿಯಾಗಿದ್ದೆ. ಕನ್ನಡ, ತೆಲುಗು, ಉರ್ದು ಮೂರೂ ಬರುತ್ತವೆ ಎಂಬ ಕಾರಣಕ್ಕೆ ಪ್ರತಿ ಚುನಾವಣೆಯಲ್ಲೂ ನನ್ನನ್ನು ನನ್ನ ಮೇಜಿನಿಂದ ಎಬ್ಬಿಸಿ ಬೇರೊಂದು ಕೋಣೆಯಲ್ಲಿ ಕೂರಿಸುತ್ತಿದ್ದರು. ಅಲ್ಲಿ ನನಗೆ ಇದ್ದದ್ದು ಒಂದೇ ಕೆಲಸ, ಕೇಳುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚುನಾವಣೆಯ ನೀತಿ ಸಂಹಿತೆ ಜಾರಿಯಾದ ಮೇಲೆ ಯಾವ ಅಭ್ಯರ್ಥಿಯೂ ಮನಸ್ಸಿಗೆ ಬಂದದ್ದನ್ನು ರೆಕಾರ್ಡ್ ಮಾಡಿಸಿ, ಆಟೋಕ್ಕೆ ಮೈಕ್ ಕಟ್ಟಿ ಊರೂರು ತಿರುಗಿಸುವಂತಿಲ್ಲ. ಆ ಆಡಿಯೊವನ್ನು ಮೊದಲು ಒಂದು ಸಮಿತಿಗೆ ತಂದುಕೊಡಬೇಕು. ಸಮಿತಿ ಅದನ್ನು ಪೂರ್ತಿ ಕೇಳಿ, ಜಾತಿ ಧರ್ಮಗಳನ್ನು ಎಳೆದಿಲ್ಲ, ಎದುರಾಳಿಯ ಮನೆಮಂದಿಯನ್ನು ಬೈದಿಲ್ಲ ಎಂದು ಖಚಿತ ಮಾಡಿಕೊಂಡು ಅನುಮತಿ ಕೊಡಬೇಕು. ಅನುಮತಿಯಿಲ್ಲದೆ ಹಾಕಿದರೆ ಅದು ಅಕ್ರಮ ಪ್ರಚಾರ. ಕೇಸು ಬೀಳುತ್ತದೆ, ಆಡಿಯೊವನ್ನು ಅಳಿಸಬೇಕಾಗುತ್ತದೆ. ಸಮಿತಿಯಲ್ಲಿ ದೊಡ್ಡವರು ಹಲವರು ಇದ್ದರೂ ಪೂರ್ತಿ ಕೇಳುವ ಭಾಗ್ಯ ನನ್ನದೇ. ಆ ಬಿಸಿಲಿನಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಹೆಡ್‌ಫೋನ್ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಭರವಸೆಗಳನ್ನು ಕೇಳುತ್ತ ಕೂರುತ್ತಿದ್ದೆ. ಸತ್ಯನಾರಾಯಣಪೇಟೆಯ ಮನೆಗೆ ಬಂದು ಕುಕ್ಕರ್ ಇಟ್ಟರೆ ಅದರ ಸೀಟಿಯಲ್ಲೂ ಯಾರದೋ ಕ್ರಮಸಂಖ್ಯೆ ಕೇಳಿಸುತ್ತಿತ್ತು. ಕವಿಗಳ ಬಗ್ಗೆಯೂ ರಾಜಕಾರಣಿಗಳ ಬಗ್ಗೆಯೂ ನನಗೆ ಆಗ ಒಂದೇ ಅಭಿಪ್ರಾಯ: ಇಬ್ಬರೂ ಸ್ವಲ್ಪ ಕಡಿಮೆ ಮಾತಾಡಿದರೆ ಊರಿಗೆ ಒಳ್ಳೆಯದು.

ಆ ಸಲ ಒಂದು ಧ್ವನಿ ನನಗೆ ಬೇಗ ಪರಿಚಯವಾಗಿಬಿಟ್ಟಿತ್ತು. ಗಂಡಸಿನ ಧ್ವನಿ. ಗಡುಸಿಲ್ಲ, ಕೂಗಾಟವಿಲ್ಲ. ಅಡಿಗೆಮನೆಯಲ್ಲಿರುವವರನ್ನು ಪಡಸಾಲೆಯಿಂದ ಕರೆಯುವಂಥ ಧ್ವನಿ. ಒಂದು ಪಕ್ಷದ ಆಡಿಯೊದಲ್ಲಿ ಅದನ್ನು ಕೇಳಿದೆ. ಮರುದಿನ ಎದುರು ಪಕ್ಷದ್ದರಲ್ಲೂ ಅದೇ. ಇದರಲ್ಲಿ ತಪ್ಪೇನೂ ಇಲ್ಲ, ಮೈಕ್ ಹಿಡಿದು ಕೂಗುವ ಅನೌನ್ಸರ್‌ಗಳು ಎಲ್ಲರಿಗೂ ಕೂಗುತ್ತಾರೆ. ಆದರೆ ಅಭ್ಯರ್ಥಿಯ ಹೆಸರು, ಚಿಹ್ನೆ ಬರುವ ಜಾಗದಲ್ಲಿ ಮಾತ್ರ ಬೇರೆ ಯಾರದೋ ಎಳೆಯ ಧ್ವನಿ ಬರುತ್ತಿತ್ತು. ಹಳೆಯ ಸೀರೆಗೆ ಹೊಸ ತೇಪೆ ಹಾಕಿದ ಹಾಗೆ. ಯಾರೋ ಬಹಳ ಬಿಜಿ ಮನುಷ್ಯ, ಹೆಸರು ಹೇಳಲೂ ಪುರುಸೊತ್ತಿಲ್ಲ ಅಂದುಕೊಂಡು ಅನುಮತಿಗೆ ಸಹಿ ಮಾಡಿ ಮುಂದಿನದಕ್ಕೆ ಹೋಗುತ್ತಿದ್ದೆ.

ಯುಗಾದಿ ಮುಗಿದು ತಿಂಗಳಾಗುತ್ತ ಬಂದಿತ್ತು. ಒಂದು ಮಧ್ಯಾಹ್ನ ಪಂಪನಗೌಡರು ಬಂದರು. ಅವರು ಒಬ್ಬ ಅಭ್ಯರ್ಥಿಯ ಚುನಾವಣಾ ಏಜೆಂಟ್, ಅಂದರೆ ಅಭ್ಯರ್ಥಿಯ ಪರವಾಗಿ ಕಚೇರಿಗಳಿಗೆ ಓಡಾಡುವವರು. ವೃತ್ತಿಯಿಂದ ವಕೀಲರು. ಮನುಷ್ಯ ಕೆಟ್ಟವರಲ್ಲ. ಬಂದಾಗಲೆಲ್ಲ ನಮಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತರಿಸಲು ಹೊರಡುತ್ತಿದ್ದರು, ನೀತಿ ಸಂಹಿತೆ ನೆನಪಿಸಿ ಕೂರಿಸಬೇಕಾಗುತ್ತಿತ್ತು. ಅವತ್ತು ಮಾತ್ರ ಮುಖ ಬಿಗಿದಿತ್ತು.

"ಕೇಳ್ರಿ ಮೇಡಂ, ಇದನ್ನೊಂದೀಟು ಕೇಳ್ರಿ," ಎಂದು ಫೋನನ್ನು ಮೇಜಿನ ಮೇಲಿಟ್ಟರು. "ನಮ್ಮ ಮಾತು ನಮ್ಮಿಂದಾನ ತಗೊಂಡು ನಮಗ ಚೇಷ್ಟಿ ಮಾಡ್ಯಾರ."

ಕುರುಗೋಡಿನಲ್ಲಿ ಯುಗಾದಿಗೆ ನಡೆದ ಕವಿಗೋಷ್ಠಿಯ ತುಣುಕು ಅದು. ಫ್ಯಾನಿನ ಗರಗರದ ನಡುವೆ ಒಬ್ಬ ಹೆಂಗಸು ಕವಿತೆ ಓದುತ್ತಿದ್ದಳು. ಓದುವುದರಲ್ಲಿ ಅಭಿನಯವಿಲ್ಲ, ಏರಿಳಿತವಿಲ್ಲ.

ತಾಯಂದಿರೇ, ಅಕ್ಕತಂಗಿಯರೇ, ದಯವಿಟ್ಟು ಹೊರಗೆ ಬನ್ನಿ.
ಇದೇ ರಸ್ತೆಯಲ್ಲಿ, ಇನ್ನು ಕೆಲವೇ ಕ್ಷಣಗಳಲ್ಲಿ,
ನಿಮ್ಮ ಮನೆ ಬಾಗಿಲಿಗೆ ಬರುತ್ತಿದ್ದಾರೆ.
ಬಿಸಿಲೆನ್ನದೆ ಮಳೆಯೆನ್ನದೆ ನಿಮಗಾಗಿ ತಿರುಗಿದವರು,
ನಿಮ್ಮ ಕಷ್ಟಕ್ಕೆ ಕರೆಯದೆಯೂ ಬರುವವರು…

ಇಲ್ಲಿಗೆ ಬಂದು ಆಕೆ ನಿಲ್ಲಿಸಿದಳು. ಆ ನಿಲುಗಡೆ ಸ್ವಲ್ಪ ಉದ್ದವೇ ಇತ್ತು. ನಮ್ಮ ಕಡೆಯ ಸಭೆಗಳಲ್ಲಿ ಒಂದು ಅಭ್ಯಾಸವಿದೆ. ಮೈಕ್ ಹಿಡಿದವನು ಹೀಗೆ ಸಾಲನ್ನು ಎತ್ತರಕ್ಕೆ ಒಯ್ದು ನಿಲ್ಲಿಸಿದರೆ ಎದುರಿಗಿರುವವರು ಅಭ್ಯರ್ಥಿಯ ಹೆಸರು ಕೂಗಬೇಕು. ಕವಿಗೋಷ್ಠಿಯಾದರೇನು, ಚುನಾವಣೆಯ ಕಾಲವಾದ್ದರಿಂದ ಹುಡುಗರಿಗೆ ಬಾಯಿ ತುರಿಸುತ್ತಿರುತ್ತದೆ. ಹಿಂದಿನ ಸಾಲಿನಿಂದ ಯಾರೋ ಪಂಪನಗೌಡರ ಅಭ್ಯರ್ಥಿಯ ಹೆಸರು ಕೂಗಿದರು. ಇಡೀ ಸಭೆ ಹೋ ಎಂದು ನಕ್ಕಿತು. ನಗುವಿನ ಮೇಲೆಯೇ ಆಕೆ ಓದಿ ಮುಗಿಸಿದಳು.

ಕೊಟ್ಟ ಮಾತಿಗೆ ತಪ್ಪುವವರಲ್ಲ.
ಒಂದೇ ಒಂದು ಅವಕಾಶ ಕೊಡಿ.
ಇದೇ ರಸ್ತೆಯಲ್ಲಿ, ಇನ್ನು ಕೆಲವೇ ಕ್ಷಣಗಳಲ್ಲಿ.
ದಯವಿಟ್ಟು ಹೊರಗೆ ಬನ್ನಿ.

ಅಷ್ಟೇ ಕವಿತೆ. ಒಂದೊಂದು ಸಾಲೂ ನಾನು ವಾರಗಳಿಂದ ಕೇಳುತ್ತಿದ್ದ ಪ್ರಚಾರದ ಸಾಲೇ. ಕರೆಯದೆಯೂ ಬರುತ್ತೇನೆ ಎಂದವರು ಐದು ವರ್ಷ ಎಲ್ಲಿದ್ದರು ಎಂಬ ಅರ್ಥದಲ್ಲಿ ಜನ ಅದನ್ನು ಹಂಚುತ್ತಿದ್ದರು. ಸಿರುಗುಪ್ಪ ತಾಲ್ಲೂಕಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅದು ಓಡಾಡುತ್ತಿತ್ತು. ಎದುರು ಪಕ್ಷದವರು ಅದಕ್ಕೆ ಶಿಳ್ಳೆ ಸೇರಿಸಿ ಮತ್ತೆ ಬಿಟ್ಟಿದ್ದರು.

"ಇದು ಅನುಮತಿ ಇಲ್ಲದ ಪ್ರಚಾರ," ಎಂದರು ಪಂಪನಗೌಡರು. "ಕೇಸ್ ಆಗಬೇಕು. ಮತ್ತ ಎಲ್ಲಾ ಕಡಿ ಅಳಿಸಿ ಹಾಕಬೇಕು. ನಮ್ಮ ಸಾಲು ಯಾವುದರಾಗ ತುಂಬಿ ಇಟ್ಕೊಂಡಾರೋ ಆ ಮೂಲಾನೂ ಅಳಿಸಬೇಕು. ಇಲ್ಲಾಂದ್ರ ನಾಳಿಗೆ ಇನ್ನೊಂದು ಮಾಡ್ತಾರ."

ದೂರು ಲಿಖಿತವಾಗಿ ಬಂದ ಮೇಲೆ ಯಂತ್ರ ತಾನಾಗಿಯೇ ತಿರುಗುತ್ತದೆ. ಚುನಾವಣೆಯ ಸಂಚಾರಿ ತಂಡ ಕವಿಯನ್ನು ಹುಡುಕಿಕೊಂಡು ಕರೂರಿಗೆ ಹೋಯಿತು. ಸಿರುಗುಪ್ಪದ ಆಚೆ, ಭತ್ತದ ಗದ್ದೆಗಳ ನಡುವಿನ ಊರು. ಹೆಸರು ಹುಸೇನ್‌ಬಿ, ಬಟ್ಟೆ ಹೊಲಿಯುವ ಹೆಂಗಸು, ತವರುಮನೆ ಕುರುಗೋಡು. ಸಾಲುಗಳು ಎಲ್ಲಿಂದ ಬಂದವು ಎಂದು ಕೇಳಿದ್ದಕ್ಕೆ ಆಕೆ ಮುಚ್ಚುಮರೆಯಿಲ್ಲದೆ ಒಂದು ಹಳೆಯ ಫೋನು ತೋರಿಸಿದಳಂತೆ. ತಂಡದವರು ಆ ಫೋನನ್ನು ಲಕೋಟೆಗೆ ಹಾಕಿ, ಅರಗು ಹಚ್ಚಿ, ನಮ್ಮ ಕಚೇರಿಗೆ ತಂದಿಟ್ಟರು. ವಿಚಾರಣೆಗೆ ಬರಲು ಆಕೆಗೆ ತಿಳಿಸಿದರು.

ಹೇಳಿದ ದಿನ ಹುಸೇನ್‌ಬಿ ಒಬ್ಬಳೇ ಬಂದಳು. ಕರೂರಿನಿಂದ ಸಿರುಗುಪ್ಪಕ್ಕೆ ಒಂದು ಬಸ್ಸು, ಅಲ್ಲಿಂದ ಬಳ್ಳಾರಿಗೆ ಇನ್ನೊಂದು. ನಲವತ್ತರ ಹತ್ತಿರದ ಹೆಂಗಸು, ಸೆರಗು ತಲೆಯ ಮೇಲೆ, ಬೆರಳ ತುದಿಗಳಲ್ಲಿ ಸೂಜಿಯ ಗುರುತು. ಕವಿಗೋಷ್ಠಿ ಏರ್ಪಡಿಸಿದವರಲ್ಲಿ ಒಬ್ಬರೂ ಜೊತೆಗಿರಲಿಲ್ಲ. ಅದೇ ವೇದಿಕೆಯಲ್ಲಿ ಸಿಂಹಾಸನಗಳನ್ನು ನಡುಗಿಸುವ ಕವಿತೆ ಓದಿದ್ದವರ ಫೋನುಗಳೆಲ್ಲ ಆ ವಾರ ಸ್ವಿಚ್ ಆಫ್. ನಮ್ಮ ಸಾಹೇಬರು, ಅಂದರೆ ಸಮಿತಿಯ ಮುಖ್ಯಸ್ಥರು, ಇನ್ನೂ ಬಂದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ನಾನೇ ಆಕೆಯ ಪಕ್ಕ ಕುಳಿತೆ.

"ಕೇಸ್ ಹಾಕೂದಾದ್ರ ಹಾಕ್ರಿ ಮೇಡಂ, ನಾ ತಿರುಗಾಡಾಕ ತಯಾರ ಅದೀನಿ," ಎಂದಳು. "ಆ ಫೋನ್ ಒಂದು ಅಳಸಬ್ಯಾಡ್ರಿ. ಅದರಾಗ ನಮ್ಮನಿಯವ್ರು ಅದಾರ."

ನನಗೆ ತಿಳಿಯಲಿಲ್ಲ. ಆಕೆ ತಿಳಿಸಿ ಹೇಳಿದಳು. ಗಂಡ ಮೌಲಾಸಾಬ್, ಸಿರುಗುಪ್ಪದಿಂದ ಕುರುಗೋಡಿನವರೆಗೆ ಮೈಕ್ ಮೌಲಾ ಎಂದೇ ಹೆಸರು. ಕರೆಂಟು ಹೋಗುವ ಸುದ್ದಿ, ಕಳೆದುಹೋದ ಎಮ್ಮೆ, ಹೊಸ ಅಂಗಡಿ, ಯಾವುದಿದ್ದರೂ ಆಟೋದಲ್ಲಿ ಕೂತು ಕೂಗುವವನು ಅವನೇ. ಗಡಿಯ ಊರುಗಳಲ್ಲಿ ಒಂದು ಸುತ್ತು ಕನ್ನಡದಲ್ಲಿ, ಒಂದು ಸುತ್ತು ತೆಲುಗಿನಲ್ಲಿ. ಚುನಾವಣೆ ಬಂದರೆ ಎಲ್ಲ ಪಕ್ಷದವರಿಗೂ ಮೌಲಾನೇ ಬೇಕು. ಬಿಸಿಲಿನಲ್ಲಿ ಕೂಗಿ ಗಂಟಲು ಕಟ್ಟುತ್ತದೆಂದು ಕೊನೆಕೊನೆಗೆ ಒಂದು ಉಪಾಯ ಮಾಡಿಕೊಂಡಿದ್ದ. ಬಳ್ಳಾರಿಯ ಒಂದು ಚಿಕ್ಕ ರೆಕಾರ್ಡಿಂಗ್ ಅಂಗಡಿಯಲ್ಲಿ ಎಲ್ಲ ಸಾಲುಗಳನ್ನೂ ಒಮ್ಮೆ ಹೇಳಿಟ್ಟು, ಹೆಸರು ಬರುವ ಜಾಗ ಮಾತ್ರ ಖಾಲಿ ಬಿಡುವುದು. ಯಾರು ಬಂದು ಕೇಳಿದರೂ ಅಂಗಡಿಯವನು ಆ ಖಾಲಿಯಲ್ಲಿ ತನ್ನ ಹುಡುಗನಿಂದ ಅವರ ಹೆಸರು ಹೇಳಿಸಿ ಕೊಡುತ್ತಿದ್ದ. ಅಂಗಡಿಗೆ ಹೋಗುವ ಮುಂಚೆ ಮೌಲಾಸಾಬ್ ಮನೆಯಲ್ಲಿ ತನ್ನ ಫೋನಿಗೆ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದ. ಲಕೋಟೆಯಲ್ಲಿದ್ದದ್ದು ಆ ಫೋನು.

"ನಾ ಮಷೀನ್ ಮ್ಯಾಲೆ ಕುಂತಿರ್ತಿದ್ದೆ, ಅವ್ರು ಗ್ವಾಡಿ ಕಡೆ ಮುಖ ಮಾಡಿ ಹೇಳ್ತಿದ್ರು," ಎಂದಳು ಹುಸೇನ್‌ಬಿ. "ಹೇಳಿ ಮುಗಿಸಿ ಫೋನ್ ಬಂದ್ ಮಾಡಿ, ಮತ್ತ ನನ್ನ ಮುಂದ ಬಂದು ನಿಂತು, ನಿಮ್ಮ ಕಷ್ಟಕ್ಕೆ ಕರೆಯದೆಯೂ ಬರುವವರು ಅಂತ ನಿಂದ್ರಸಿ, ಶ್ರೀಮತಿ ಹುಸೇನ್‌ಬಿಯವರು! ಅಂತ ಕೂಗೋರು. ಓಣಿ ಮಂದಿಗೆ ಕೇಳಬೇಕು, ಹಂಗ. ನಾ ಕತ್ರಿ ತಗೊಂಡು ಹೊಡಿಯಾಕ ಹೋಗ್ತಿದ್ದೆ."

"ಅದು ರೆಕಾರ್ಡ್ ಆಗಿಲ್ಲವೇ?" ಎಂದೆ.

"ಇಲ್ರಿ. ಫೋನ್‌ನಾಗ ಆ ಜಾಗ ಖಾಲೀನ ಐತಿ. ಆದ್ರ ನನಗ ಅಲ್ಲಿ ನನ್ನ ಹೆಸರ ಕೇಳಸ್ತತಿ."

ಕವಿಗೋಷ್ಠಿಯಲ್ಲಿ ಆಕೆ ಯಾಕೆ ಅಷ್ಟು ಹೊತ್ತು ನಿಲ್ಲಿಸಿದ್ದಳು ಎಂದು ನನಗೆ ಆಗ ಗೊತ್ತಾಯಿತು. ಎರಡನೇ ಅಲೆಯಲ್ಲಿ ಮೌಲಾಸಾಬ್ ಊರೂರು ತಿರುಗಿ, ಯಾರೂ ಹೊರಗೆ ಬರಬೇಡಿ ಎಂದು ಕೂಗಿದ್ದನಂತೆ. ಕೂಗಿ ಕೂಗಿ ಅವನಿಗೇ ಜ್ವರ ಬಂತು. ಬಳ್ಳಾರಿಯ ಆಸ್ಪತ್ರೆಗೆ ಒಯ್ಯುವ ಗಾಡಿ ಹತ್ತುವಾಗ, ಬಂದೇಬಿಡ್ತೀನಿ ಎಂದು ಕೈ ಮಾಡಿದ್ದ. ಜೀವಂತವಾಗಿ ಮತ್ತೆ ಬರಲಿಲ್ಲ.

ನನ್ನ ಗಂಡ ತೀರಿಕೊಂಡು ಬಹಳ ವರ್ಷಗಳಾದವು. ಗೋಡೆಯ ಮೇಲೆ ಫೋಟೊ ಇದೆ, ಆಲ್ಬಮ್ಮಿನ ತುಂಬ ಫೋಟೊ ಇವೆ. ಧ್ವನಿ ಒಂದೂ ಇಲ್ಲ. ನನ್ನನ್ನು ಹೇಗೆ ಕರೆಯುತ್ತಿದ್ದರು ಎಂದು ನೆನಪು ಮಾಡಿಕೊಳ್ಳಲು ಹೋದರೆ ಈಚೆಗೆ ನನ್ನದೇ ಧ್ವನಿ ಕೇಳಿಸುತ್ತದೆ. ಊರಿನ ಎಲ್ಲರ ಧ್ವನಿಯನ್ನೂ ಕೇಳುವುದೇ ಉದ್ಯೋಗವಾದವಳಿಗೆ ಈ ಬಡತನ. ಆ ಬೆಂಚಿನ ಮೇಲೆ ಕೂತಾಗ ನನಗೆ ಹುಸೇನ್‌ಬಿಯ ಮೇಲೆ ಸಣ್ಣ ಹೊಟ್ಟೆಕಿಚ್ಚು ಬಂದದ್ದು ನಿಜ. ಅಳಿಸಬೇಡಿ ಎಂದು ಬೇಡಿಕೊಳ್ಳಲು ಆಕೆಗೆ ಏನಾದರೂ ಒಂದು ಇತ್ತು.

ಸಾಹೇಬರು ಬಂದರು. ಮೈಸೂರು ಕಡೆಯವರು, ಮೆತ್ತಗೆ ಮಾತಾಡುವ ಎಚ್ಚರಿಕೆಯ ಮನುಷ್ಯ. ಪಂಪನಗೌಡರು ಒಂದು ಕಡೆ, ಹುಸೇನ್‌ಬಿ ಒಂದು ಕಡೆ, ನಡುವೆ ಮೇಜಿನ ಮೇಲೆ ಲಕೋಟೆ.

"ಇದು ನೀವೇ ಬರೆದ ಕವಿತೆಯೇನಮ್ಮಾ?" ಎಂದು ಸಾಹೇಬರು ಕೇಳಿದರು.

"ಒಂದು ಸಾಲೂ ನಂದಲ್ರಿ ಸಾಹೇಬ್ರ. ಎಲ್ಲಾ ಎಲೆಕ್ಷನ್ ಸಾಲು. ಹಳೀ ಬಟ್ಟಿ ತಗೊಂಡು ಕೌದಿ ಹೊಲಿತೀವಲ್ರಿ, ಹಂಗ ಹೊಲದೀನಿ. ಬಟ್ಟಿ ಬ್ಯಾರೇರದು, ಹೊಲಿಗಿ ನಂದು."

"ಬರ್ಕೊಳ್ರಿ ಸರ್, ಒಪ್ಪಿಕೊಂಡ್ರು," ಎಂದು ಪಂಪನಗೌಡರು ಎದ್ದರು. "ಬಟ್ಟಿ ನಮ್ದು. ನಮ್ಮ ಪ್ರಚಾರದ ಸಾಲು. ಒಂದೇ ಒಂದು ಅವಕಾಶ ಕೊಡಿ ಅನ್ನೂದು ಮತ ಕೇಳೂದಲ್ಲದ ಮತ್ತೇನ್ರಿ? ಕವಿತಾ ಅಂತ ಹೆಸರಿಟ್ಟ ಕೂಡ್ಲೆ ಏನು ಬೇಕಾದ್ರೂ ಅನ್ನಬಹುದೇನು?"

ಅವರ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಕವಿತೆಯ ಹೆಸರಿನಲ್ಲಿ ಪ್ರಚಾರ ನುಸುಳಿಸುವವರನ್ನು ನಾನು ಆ ಕೋಣೆಯಲ್ಲಿ ಬೇಕಾದಷ್ಟು ಕಂಡಿದ್ದೆ. ಅಭ್ಯರ್ಥಿಯನ್ನು ಸೂರ್ಯನಿಗೆ ಹೋಲಿಸಿ, ಕೆಳಗೆ ಭಾವಗೀತೆ ಎಂದು ಬರೆದು ಅನುಮತಿಗೆ ತರುತ್ತಿದ್ದರು. ಪ್ರಾಸ ಸರಿಯಿದ್ದರೂ ನಾನು ತಿರಸ್ಕರಿಸುತ್ತಿದ್ದೆ. ಈಗ ಎದುರಿಗಿದ್ದದ್ದು ಅದಕ್ಕೆ ತಿರುಗುಮುರುಗಾದ ಸಮಸ್ಯೆ. ಪ್ರಚಾರವನ್ನೇ ಎತ್ತಿಕೊಂಡು ಕವಿತೆ ಮಾಡಿದರೆ ಅದು ಯಾವ ಕಡೆಗೆ ಸೇರುತ್ತದೆ? ನಿಯಮದ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

"ಮೂಲವನ್ನು ಒಮ್ಮೆ ಕೇಳೋಣ ಸರ್," ಎಂದೆ. ಅರಗು ಒಡೆದು ಫೋನು ತೆಗೆದರು. ಹುಸೇನ್‌ಬಿ ತಾನೇ ಒತ್ತಿದಳು.

ತಾಯಂದಿರೇ, ಅಕ್ಕತಂಗಿಯರೇ, ದಯವಿಟ್ಟು ಹೊರಗೆ ಬನ್ನಿ.

ಮೊದಲ ಮಾತಿಗೇ ನನಗೆ ಗುರುತು ಸಿಕ್ಕಿತು. ವಾರಗಳಿಂದ ನನ್ನ ಕಿವಿಯಲ್ಲಿ ವಾಸವಾಗಿದ್ದ ಧ್ವನಿ ಅದು. ಹೆಸರು ಹೇಳಲು ಪುರುಸೊತ್ತಿಲ್ಲದ ಬಿಜಿ ಮನುಷ್ಯ. ಹಿಂದೆ ಹೊಲಿಗೆ ಮಷೀನಿನ ಸದ್ದು ಸಣ್ಣಗೆ ಕೇಳುತ್ತಿತ್ತು. ಕರೆಯದೆಯೂ ಬರುವವರು ಎಂಬಲ್ಲಿಗೆ ಬಂದು ಧ್ವನಿ ನಿಂತಿತು. ಮಷೀನಿನ ಸದ್ದೂ ಅಲ್ಲಿ ನಿಂತಿತ್ತು. ಆಮೇಲೆ ಎರಡೂ ಮುಂದುವರಿದವು.

ನಾನು ನನ್ನ ಕಂಪ್ಯೂಟರಿನಲ್ಲಿ ಪಂಪನಗೌಡರ ಅಭ್ಯರ್ಥಿಯ ಆಡಿಯೊ ಹಾಕಿದೆ. ನಾವೇ ಅನುಮತಿ ಕೊಟ್ಟದ್ದು. ಅದೇ ಸಾಲು, ಅದೇ ಧ್ವನಿ, ಖಾಲಿ ಜಾಗದಲ್ಲಿ ಎಳೆಯ ಧ್ವನಿಯ ಹೆಸರು. ಆಮೇಲೆ ಅವರ ಎದುರಾಳಿಯ ಆಡಿಯೊ ಹಾಕಿದೆ. ಅದೇ ಸಾಲು, ಅದೇ ಧ್ವನಿ, ಬೇರೆ ಹೆಸರು.

"ಈ ವ್ಯಕ್ತಿಯನ್ನೇ ಕರೆಸಿ ಕೇಳಬಹುದಲ್ಲಾ, ಸಾಲು ಯಾರದು ಅಂತ," ಎಂದರು ಸಾಹೇಬರು. "ಎಲ್ಲಿದ್ದಾರೆ ಇವರು?"

"ಕರೂರಾಗ ಅದಾರ್ರಿ," ಎಂದಳು ಹುಸೇನ್‌ಬಿ. "ಖಬರಸ್ತಾನದಾಗ."

ಪಂಪನಗೌಡರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮ ಮೌಲಾ ಅಲ್ಲೇನು ಇದು?" ಎಂದರು. ಯಾರನ್ನು ಕೇಳುತ್ತಿದ್ದಾರೆ ಎಂಬುದು ಅವರಿಗೇ ತಿಳಿದಂತಿರಲಿಲ್ಲ. "ನಮ್ಮಪ್ಪ ಪಂಚಾಯ್ತಿಗೆ ನಿಂತಾಗ ಅವನ ಕೂಗಿದ್ದ. ಈ ಆಡಿಯೊ ದಿನಾ ಕೇಳೀನಲ್ರೀ ನಾನು. ಹೆಸರು ಬರೋಬ್ಬರಿ ಬಂದೈತೋ ಇಲ್ಲೋ, ಅಷ್ಟ ಕೇಳೀನಿ. ಯಾರ ದನಿ ಅಂತ ಕೇಳಲೇ ಇಲ್ಲ."

ನಾನೂ ಅಷ್ಟೇ. ನನಗೆ ಸರ್ಕಾರ ಸಂಬಳ ಕೊಟ್ಟದ್ದೇ ಹೆಸರು, ಚಿಹ್ನೆ, ಬೈಗುಳ ಇವನ್ನು ಹುಡುಕಲು. ಉಳಿದದ್ದು ಗಾಳಿ ಎಂದುಕೊಂಡಿದ್ದೆ.

ಆದರೂ ವಕೀಲರು ವಕೀಲರೇ. ಕನ್ನಡಕ ಹಾಕಿಕೊಂಡು ಅವರು ಹುಸೇನ್‌ಬಿಯ ಕಡೆ ತಿರುಗಿದರು. ಈ ಸಲ ದನಿ ಇಳಿದಿತ್ತು. "ತಂಗೀ, ನೀ ದುಃಖಕ್ಕ ಬರದಿ, ಒಪ್ಪಿದೆ. ಆದ್ರ ಮಂದಿ ನಕ್ಕಿದ್ದು ನಮಗ. ನಮ್ಮನ್ನ ಚೇಷ್ಟಿ ಮಾಡಾಕ ಬರದಿಲ್ಲಂತ ಖರೇನ ಹೇಳ್ತಿಯೇನು?"

ಇಲ್ಲ ಎಂದುಬಿಟ್ಟರೆ ಆಕೆಗೆ ಎಲ್ಲ ಸುಲಭವಾಗುತ್ತಿತ್ತು. ಹುಸೇನ್‌ಬಿ ಹಾಗೆ ಹೇಳಲಿಲ್ಲ.

"ಬರಿಯೂವಾಗ ನಿಮ್ಮ ನೆನಪು ಬರ್ಲಿಲ್ರಿ ಗೌಡ್ರ," ಎಂದಳು. "ಓದೂವಾಗ ಬಂತು. ನೀವೆಲ್ಲಾ ಬರ್ತೀವಿ ಅಂದ್ರಿ, ಬರಲಿಲ್ಲ. ಅವ್ರೂ ಬರ್ತೀನಿ ಅಂದ್ರು, ಬರಲಿಲ್ಲ. ಕಾಯೋರಿಗೆ ಎರಡೂ ಒಂದ ನೋಡ್ರಿ. ಆದ್ರ ನೀವು ಮನಸ್ಸು ಮಾಡಿದ್ರ ಬರಬಹುದು."

ಸಾಹೇಬರು ನನ್ನ ಕಡೆ ನೋಡಿದರು. "ಅಭಿಪ್ರಾಯ ನೀವು ಬರೆದುಕೊಡ್ತೀರಾ ಮೇಡಂ? ನಾಳೆ ಮೇಲಿನಿಂದ ಪ್ರಶ್ನೆ ಬಂದರೆ ನಿಮ್ಮ ಸಹಿ ಇರುತ್ತೆ, ನೋಡಿ."

ಬರೆದುಕೊಟ್ಟೆ. ಮೂವತ್ತು ವರ್ಷಗಳ ಕಾಲ ಬೇರೆಯವರ ಮಾತನ್ನೇ ಒಂದು ಭಾಷೆಯಿಂದ ಇನ್ನೊಂದಕ್ಕೆ ಸಾಗಿಸಿದವಳು ನಾನು. ನನ್ನದೇ ಎನ್ನುವ ವಾಕ್ಯ ಬರೆದದ್ದು ಕಡಿಮೆ. ಅವತ್ತು ಬರೆದದ್ದು ಇಷ್ಟು: ಸದರಿ ರಚನೆಯಲ್ಲಿ ಯಾವುದೇ ಅಭ್ಯರ್ಥಿಯ ಹೆಸರಾಗಲಿ ಚಿಹ್ನೆಯಾಗಲಿ ಇಲ್ಲ. ಹೆಸರು ಬರಬೇಕಾದ ಜಾಗವನ್ನು ಬರೆದವರು ಖಾಲಿ ಬಿಟ್ಟಿದ್ದಾರೆ. ಅದನ್ನು ತುಂಬಿದವರು ಕೇಳುಗರು. ಆದ್ದರಿಂದ ಇದು ಪ್ರಚಾರ ಸಾಮಗ್ರಿಯಲ್ಲ, ಕವಿತೆ. ಹೆಸರು ಕೂಗಿದ, ಶಿಳ್ಳೆ ಸೇರಿಸಿದ ತುಣುಕುಗಳನ್ನು ಮಾತ್ರ ಗುಂಪುಗಳಿಂದ ತೆಗೆಸಬಹುದು.

ಸಾಹೇಬರು ಅದನ್ನು ನಿಧಾನವಾಗಿ ಓದಿ, ಕೆಳಗೆ ಸಹಿ ಮಾಡಿದರು. ಪಂಪನಗೌಡರು ದೂರು ಹಿಂತೆಗೆದುಕೊಳ್ಳಲಿಲ್ಲ, ಆದೇಶಕ್ಕೆ ತಕರಾರನ್ನೂ ಮಾಡಲಿಲ್ಲ. ಹೋಗುವಾಗ ಹುಸೇನ್‌ಬಿಗೆ ಕೈ ಮುಗಿದರು. ಚುನಾವಣೆಯ ಕಾಲದ ಕೈಮುಗಿತ ನಾನು ಬಹಳ ನೋಡಿದ್ದೇನೆ. ಇದು ಬೇರೆ ಥರ ಇತ್ತು.

ಫೋನು ಕೈಗೆ ಬಂದ ಕೂಡಲೇ ಹುಸೇನ್‌ಬಿ ಅದನ್ನು ಕಿವಿಗೆ ಹಿಡಿದು ಒಂದು ಸಾಲು ಕೇಳಿ, ಇದೆ ಎಂದು ಖಾತ್ರಿ ಮಾಡಿಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. ಮೆಟ್ಟಿಲಿಳಿಯುವಾಗ ಹಿಂತಿರುಗಿ ಕೇಳಿದಳು: "ಮೇಡಂ, ಈ ಪ್ರಚಾರದ ಆಟೋ ಎಂದು ಬಂದ್ ಆಗ್ತಾವ್ರಿ?"

ಮತದಾನಕ್ಕೆ ಎರಡು ದಿನ ಮುಂಚೆ ಮೈಕುಗಳೆಲ್ಲ ನಿಲ್ಲಬೇಕು ಎಂಬುದು ನಿಯಮ. ಆ ದಿನ ಸೋಮವಾರ ಸಂಜೆ ಎಂದು ಹೇಳಿದೆ.

"ಹಂಗಾದ್ರ ಸೋಮವಾರ ಸಂಜೀತನಾ ನಮ್ಮನಿಯವ್ರು ಬರ್ತಾರ," ಎಂದಳು. ಮುಖದಲ್ಲಿ ಅಂಥ ನಿಶ್ಚಿಂತೆ ಇತ್ತು.

ಆ ಸೋಮವಾರ ನನಗೆ ಸಿರುಗುಪ್ಪದ ಕಡೆ ಡ್ಯೂಟಿ ಬಿತ್ತು. ಪ್ರಚಾರದ ಗಾಡಿಗಳಲ್ಲಿ ನಾವು ಅನುಮತಿ ಕೊಟ್ಟ ಆಡಿಯೊವನ್ನೇ ಹಾಕುತ್ತಿದ್ದಾರೆಯೇ ಎಂದು ನೋಡುವುದು. ಕೆಲಸ ಮುಗಿಯುವ ಹೊತ್ತಿಗೆ ಜೀಪಿನವನಿಗೆ ಕರೂರಿಗೆ ಹೋಗೋಣ ಎಂದೆ. ರಸ್ತೆಯುದ್ದಕ್ಕೂ ಎರಡನೇ ಬೆಳೆಯ ಭತ್ತ ಒಣಗಲು ಹರವಿದ್ದರು. ಹುಸೇನ್‌ಬಿ ಬಾಗಿಲಲ್ಲೇ ನಿಂತಿದ್ದಳು. "ಬರ್ರಿ ಅಕ್ಕಾರ" ಎಂದು ಕರೆದಳೇ ಹೊರತು ಒಳಗೆ ಹೋಗಲಿಲ್ಲ. ನಾನೂ ಪಕ್ಕದಲ್ಲಿ ನಿಂತೆ.

ಆಟೋ ದೂರದಿಂದ ಕೇಳಿಸಿತು. ತಾಯಂದಿರೇ, ಅಕ್ಕತಂಗಿಯರೇ, ದಯವಿಟ್ಟು ಹೊರಗೆ ಬನ್ನಿ. ಧ್ವನಿ ಓಣಿಯ ತಿರುವಿಗೆ ಬಂತು. ಇದೇ ರಸ್ತೆಯಲ್ಲಿ, ಇನ್ನು ಕೆಲವೇ ಕ್ಷಣಗಳಲ್ಲಿ. ಹುಸೇನ್‌ಬಿ ಸೆರಗು ಸರಿಮಾಡಿಕೊಂಡಳು. ಆಟೋ ನಮ್ಮ ಮುಂದೆಯೇ ಬಂತು. ನಿಮ್ಮ ಕಷ್ಟಕ್ಕೆ ಕರೆಯದೆಯೂ ಬರುವವರು…

ಆಗ ಆಕೆ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಎಳೆಯ ಧ್ವನಿ ಅಭ್ಯರ್ಥಿಯ ಹೆಸರು ಹೇಳಿ ಮುಗಿಸುವಷ್ಟು ಹೊತ್ತು ಮಾತ್ರ. ಕಣ್ಣು ಮುಚ್ಚಿತ್ತು, ತುಟಿಯಲ್ಲಿ ಬೈಯಲು ಹೊರಟವಳ ನಗು. ಹೆಸರು ಮುಗಿದು ಮೌಲಾಸಾಬನ ಧ್ವನಿ ಮತ್ತೆ ಬರುವ ಕ್ಷಣಕ್ಕೆ ಕೈ ಇಳಿಸಿದಳು. ಒಂದು ಅಕ್ಷರವೂ ಹೆಚ್ಚುಕಡಿಮೆಯಾಗಲಿಲ್ಲ. ಆ ಬೇಸಿಗೆಯಲ್ಲಿ ಎಷ್ಟು ಸಲ ಹೀಗೆ ನಿಂತಿದ್ದಳೋ. ಆಟೋ ಓಣಿ ದಾಟಿ, ಧ್ವನಿ ಗದ್ದೆಗಳ ಕಡೆ ಹೋಗಿ ಸಣ್ಣದಾಯಿತು. ನನಗೆ ಅಳು ಬಂತು. ಚುನಾವಣಾ ಡ್ಯೂಟಿಯ ಗುರುತಿನ ಚೀಟಿ ಕೊರಳಲ್ಲಿ ಹಾಕಿಕೊಂಡು ನಾನು ಅಲ್ಲಿ ನಿಂತು ಅತ್ತೆ.

ಮರುವರ್ಷ ನಿವೃತ್ತಳಾದೆ. ಆ ಕೋಣೆ ನನಗೆ ಏನು ಕಲಿಸಿತು ಎಂದು ಯಾರಾದರೂ ಕೇಳಿದರೆ ಹೇಳುತ್ತೇನೆ. ರಾಜಕೀಯಕ್ಕೂ ಕವಿತೆಗೂ ಬೇಕಾಗುವ ಮಾತುಗಳು ಬೇರೆ ಬೇರೆಯಲ್ಲ. ಬರುತ್ತೇನೆ, ಕಾಯಿರಿ, ಮರೆಯಬೇಡಿ ಎಂಬ ಇವೇ ಮೂರು ಮಾತುಗಳನ್ನು ಎರಡೂ ಹಂಚಿಕೊಂಡಿವೆ. ರಾಜಕೀಯಕ್ಕೆ ಆ ಮಾತುಗಳ ನಡುವೆ ತನ್ನ ಹೆಸರು ಕೂರಿಸುವ ಅವಸರ. ಕವಿತೆ ಆ ಜಾಗವನ್ನು ಬಿಟ್ಟುಕೊಡುತ್ತದೆ, ಕೇಳುವವರು ತಮಗೆ ಬೇಕಾದವರನ್ನು ಅಲ್ಲಿ ಕರೆದುಕೊಳ್ಳಲಿ ಎಂದು. ಅಷ್ಟು ಗೊತ್ತಾಗಲು ನನಗೆ ಇಡೀ ಸೇವಾವಧಿ ಬೇಕಾಯಿತು.

ಮುಂದಿನದು ಲೋಕಸಭೆಯ ಚುನಾವಣೆ. ಕೇಳುವ ಕೆಲಸ ಈಗ ನನ್ನದಲ್ಲ. ಆದರೂ ಸತ್ಯನಾರಾಯಣಪೇಟೆಯ ನಮ್ಮ ರಸ್ತೆಯಲ್ಲಿ ಆಟೋ ಬಂದಾಗಲೆಲ್ಲ ಗೇಟಿಗೆ ಹೋಗಿ ನಿಲ್ಲುತ್ತಿದ್ದೆ. ಎಲ್ಲ ಗಾಡಿಗಳಲ್ಲೂ ಹಾಡು, ಡೋಲು, ಎಲ್ಲಿಂದಲೋ ಮಾಡಿಸಿ ತಂದ ಕಂಪ್ಯೂಟರಿನ ಧ್ವನಿ. ಮೌಲಾಸಾಬ್ ಬರಲೇ ಇಲ್ಲ. ಪ್ರಚಾರ ಮುಗಿದ ಸಂಜೆ ತಡೆಯಲಾರದೆ ಹುಸೇನ್‌ಬಿಗೆ ಫೋನ್ ಮಾಡಿದೆ.

"ಇಲ್ಲೂ ಬರಲಿಲ್ರಿ ಅಕ್ಕಾರ," ಎಂದಳು. ಹೊಲಿಗೆ ಮಷೀನಿನ ಸದ್ದು ನಿಂತಿತು. "ಅದಕ್ಕ ನಾನ ಒಂದು ಸಾಲು ಬರದೀನಿ. ಈ ಸಲ ಯಾರ್ದೂ ತಗೊಂಡಿಲ್ಲ. ಓದಲ್ರಿ?"

ಓದು ಎಂದೆ. ಕುರುಗೋಡಿನಲ್ಲಿ ಓದಿದ ಹಾಗೆಯೇ, ಏರಿಳಿತವಿಲ್ಲದೆ ಓದಿದಳು.

ಈ ಸಲ ನಮ್ಮ ಓಣಿಯಲ್ಲಿ ನನ್ನ ಹೆಸರನ್ನು ಯಾರೂ ಕೂಗಲಿಲ್ಲ.